8.1 ಅಂದರೆ ಎಷ್ಟು? ಕಾಡಿನ ಮನೆಯಲ್ಲಿ ಹುಟ್ಟಿದ ಒಂದು ಆಲ್ಬಮ್ಮನ್ನು ಕೇಳುವ ಬಗೆ

ಹೋದ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಅಣ್ಣನ ಮಗ ಮಾಳಿಗೆ ಮೇಲಿನ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡುತ್ತಿದ್ದ. ಬಾಗಿಲಿಗೆ ಒಂದು ಕೌದಿ, ಕಿಟಕಿಗೆ ಇನ್ನೊಂದು ಕೌದಿ. ಫ್ಯಾನ್ ಬಂದ್, ಕೂಲರ್ ಬಂದ್. ಮೇ ತಿಂಗಳ ಕಲಬುರಗಿ ಹೇಗಿರುತ್ತೆ ಗೊತ್ತಲ್ವಾ? ಹೊರಗೆ 42 ಡಿಗ್ರಿ, ಆ ಕೋಣೆಯಲ್ಲಿ ಇನ್ನೂ ಜಾಸ್ತಿ. ಒಂದು ಹಾಡು ಮುಗಿಸಿ ಹೊರಗೆ ಬಂದಾಗ ಅವನ ಅಂಗಿ ಮೈಗೆ ಅಂಟಿಕೊಂಡಿತ್ತು. ಒಂದು ತಂಬಿಗೆ ನೀರು ಗಟಗಟ ಕುಡಿದು, ಫೋನ್ ನನ್ನ ಮುಂದೆ ಹಿಡಿದ.

"ಕಾಕಾ, ಈ ಆಲ್ಬಮ್ಮಿಗಿ ಹತ್ತಕ್ಕ 8.1 ಕೊಟ್ಟಾರಂತ. 8.1 ಅಂದ್ರ ಭಾಳ ಛಲೋನೋ, ಬರೀ ಛಲೋನೋ?"

ಫೋನಿನಲ್ಲಿದ್ದದ್ದು ಬಾನ್ ಇವೇರ್ ಹೆಸರಿನಲ್ಲಿ ಬಂದ 'ಫಾರ್ ಎಮ್ಮಾ, ಫಾರೆವರ್ ಅಗೋ'. ನಾನು ವರ್ಷಗಳಿಂದ ಕೇಳುತ್ತಿರುವ ಆಲ್ಬಮ್. ಆದರೂ ಅವನ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಲು ಆಗಲಿಲ್ಲ. ಆ ಅಂಕಿ ಎಲ್ಲಿಂದ ಬಂತು, ಅದರಲ್ಲಿ ಹಾಡಿನ ಪಾಲೆಷ್ಟು, ಹಾಡಿನ ಸುತ್ತ ಬೆಳೆದ ಕಥೆಯ ಪಾಲೆಷ್ಟು ಅಂತ ಬಿಡಿಸಿ ಹೇಳಬೇಕಿತ್ತು. ಅವತ್ತು ಸಂಜೆ ಚಹಾ ಕುಡಿಯುತ್ತಾ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆಯುತ್ತಿದ್ದೇನೆ.

ಬಾನ್ ಇವೇರ್ ಇವತ್ತು ಒಂದು ತಂಡ. ಆ ಮೊದಲ ಆಲ್ಬಮ್ಮಿನ ಹೊತ್ತಿಗೆ ಅದು ಹೆಚ್ಚುಕಡಿಮೆ ಒಬ್ಬರೇ. ಜಸ್ಟಿನ್ ವರ್ನನ್, 1981ರಲ್ಲಿ ಹುಟ್ಟಿದವರು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್ ಊರಿನವರು. ಗೆಳೆಯರ ಜೊತೆ ಒಂದು ತಂಡ ಕಟ್ಟಿಕೊಂಡು ನಾರ್ತ್ ಕ್ಯಾರೊಲಿನಾದ ರಾಲಿ ಪಟ್ಟಣಕ್ಕೆ ಹೋಗಿದ್ದರು. 2006ರಲ್ಲಿ ತಂಡ ಒಡೆಯಿತು. ಪ್ರೀತಿಯೂ ಮುರಿಯಿತು. ಅದೇ ಹೊತ್ತಿಗೆ ಕಾಯಿಲೆ ಬಂದು ಲಿವರ್‌ಗೂ ತಾಗಿತು. ಸಾಮಾನು ಕಟ್ಟಿಕೊಂಡು ತವರು ರಾಜ್ಯಕ್ಕೆ ವಾಪಸ್ ಹೊರಟರು. ಅಪ್ಪ ಬೇಟೆಗೆ ಅಂತ ಕಾಡಿನಲ್ಲಿ ಕಟ್ಟಿದ್ದ ಒಂದು ಮರದ ಮನೆ ಇತ್ತು. ಆ ಚಳಿಗಾಲದ ಸುಮಾರು ಮೂರು ತಿಂಗಳು ಅಲ್ಲೇ ಕಳೆದರು. ಕಟ್ಟಿಗೆ ಒಡೆದರು. ಜಿಂಕೆ ಬೇಟೆಯಾಡಿ ಅದರ ಮಾಂಸ ತಿಂದರು. ಉಳಿದ ಹೊತ್ತೆಲ್ಲ ಹಾಡು.

ಹೆಸರು ಕೂಡ ಚಳಿಯದ್ದೇ. ಫ್ರೆಂಚ್ ಭಾಷೆಯಲ್ಲಿ 'ಬಾನ್ ಇವೇರ್' ಅಂದರೆ ಒಳ್ಳೆಯ ಚಳಿಗಾಲ. ಒಂದು ಟಿವಿ ಧಾರಾವಾಹಿಯಲ್ಲಿ ಮೊದಲ ಹಿಮ ಬಿದ್ದ ದಿನ ಊರಿನವರು ಒಬ್ಬರಿಗೊಬ್ಬರು ಹಾಗೆ ಹಾರೈಸುವುದನ್ನು ನೋಡಿ, ಕಾಗುಣಿತ ಸ್ವಲ್ಪ ಬದಲಿಸಿ ಇಟ್ಟುಕೊಂಡರು. ಎಮ್ಮಾ ಯಾರು ಅಂತ ಎಲ್ಲರೂ ಕೇಳುತ್ತಾರೆ. ಅದು ಒಬ್ಬ ವ್ಯಕ್ತಿಯಲ್ಲ, ಮನಸ್ಸು ಸಿಕ್ಕಿಹಾಕಿಕೊಂಡ ಒಂದು ಜಾಗ ಎಂಬ ಅರ್ಥದಲ್ಲಿ ವರ್ನನ್ ಹೇಳಿದ್ದಾರೆ. ನಾನು ಅದನ್ನು ಹಾಗೇ ಒಪ್ಪಿಕೊಂಡಿದ್ದೇನೆ.

ಈ ಆಲ್ಬಮ್ಮಿಗೆ ಅಂಟಿಕೊಂಡ ಎರಡು ಪದಗಳನ್ನು ಇಲ್ಲಿ ಬಿಡಿಸಿಕೊಳ್ಳಬೇಕು. ಮೊದಲನೆಯದು 'ಸ್ಟುಡಿಯೊ ಆಲ್ಬಮ್'. ಕಾಡಿನ ಮನೆಯಲ್ಲಿ ಮಾಡಿದ್ದು ಸ್ಟುಡಿಯೊ ಆಲ್ಬಮ್ ಹೇಗಾಯಿತು ಅಂತ ನಮ್ಮ ಹುಡುಗ ಕೇಳಿದ. ಜನರ ಮುಂದೆ ಹಾಡಿದ್ದನ್ನು ಹಿಡಿದರೆ ಲೈವ್ ಆಲ್ಬಮ್. ಹಳೆಯ ಹಾಡುಗಳನ್ನು ಒಟ್ಟು ಮಾಡಿದರೆ ಸಂಕಲನ. ಹೊಸ ಹಾಡುಗಳನ್ನು ರೆಕಾರ್ಡ್ ಮಾಡಲೆಂದೇ ಹಾಡಿ, ಒಂದರ ಮೇಲೊಂದು ಪದರ ಹಾಕಿ ಕಟ್ಟಿದರೆ ಅದು ಸ್ಟುಡಿಯೊ ಆಲ್ಬಮ್. ಗೋಡೆ ಯಾವುದು ಅನ್ನುವುದು ಮುಖ್ಯವಲ್ಲ. ಆ ಲೆಕ್ಕದಲ್ಲಿ ಕೌದಿ ಕಟ್ಟಿದ ನಮ್ಮ ಮಾಳಿಗೆ ಕೋಣೆಯೂ ಸ್ಟುಡಿಯೊನೇ.

ಎರಡನೆಯದು 'ಇಂಡಿ'. ಇಂಡಿಪೆಂಡೆಂಟ್ ಅನ್ನುವುದರ ಚಿಕ್ಕ ರೂಪ. ಈಗ ಸುಮ್ನೆ ಗಿಟಾರ್ ಹಿಡಿದು ಮೆಲ್ಲಗೆ ಹಾಡಿದರೂ ಇಂಡಿ ಅಂತಾರೆ. ಮೂಲದಲ್ಲಿ ಅದು ದುಡ್ಡಿನ ಮತ್ತು ಹಕ್ಕಿನ ಮಾತು. ದೊಡ್ಡ ಕಂಪನಿ ರೆಕಾರ್ಡಿಂಗ್ ಖರ್ಚು ಹಾಕುತ್ತದೆ, ಪ್ರಚಾರ ಮಾಡುತ್ತದೆ. ಅದರ ಬದಲಿಗೆ ಸಾಮಾನ್ಯವಾಗಿ ಆ ಧ್ವನಿಮುದ್ರಣದ ಒಡೆತನ ತಾನು ಇಟ್ಟುಕೊಳ್ಳುತ್ತದೆ. ಆ ದಾರಿ ಬಿಟ್ಟು ಸ್ವಂತ ಖರ್ಚಿನಲ್ಲಿ ಅಥವಾ ಸಣ್ಣ ಕಂಪನಿಯ ಜೊತೆ ಕೆಲಸ ಮಾಡಿದವರು ಇಂಡಿ. ವರ್ನನ್ ಕಾಡಿನ ಮನೆಗೆ ಹೋದಾಗ ಅವರ ಹಿಂದೆ ಯಾವ ಕಂಪನಿಯೂ ಇರಲಿಲ್ಲ. ಇಷ್ಟು ಸಾಕು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಈ ಆಲ್ಬಮ್ ಕಿವಿಗೆ ಯಾಕೆ ಹಾಗೆ ಕೇಳುತ್ತದೆ?

ವರ್ನನ್ ಹತ್ತಿರ ಇದ್ದ ಸಾಮಾನು ಬಹಳ ಕಡಿಮೆ. ಒಂದು ಶೂರ್ ಎಸ್‌ಎಂ57 ಮೈಕು, ಹಳೆಯ ಸಿಲ್ವರ್‌ಟೋನ್ ಗಿಟಾರು, ಒಂದು ಕಂಪ್ಯೂಟರು, ಇನ್ನೂ ಕೆಲವು ವಾದ್ಯ. ಎಸ್‌ಎಂ57 ತುಟ್ಟಿ ಮೈಕಲ್ಲ. ಡ್ರಮ್ ಮುಂದೆ, ಗಿಟಾರ್ ಆಂಪ್ ಮುಂದೆ ಇಡುವ ಗಟ್ಟಿಮುಟ್ಟಾದ ಮಾಲು. ಬಿದ್ದರೂ ಏನೂ ಆಗುವುದಿಲ್ಲ. ದೊಡ್ಡ ಸ್ಟುಡಿಯೊಗಳಲ್ಲಿ ಹಾಡುಗಾರರ ದನಿಗೆ ಇಡುವ ಸೂಕ್ಷ್ಮ ಮೈಕುಗಳು ಉಸಿರು, ನಾಲಿಗೆ, ಕೋಣೆಯ ಗುಂಯ್ ಎಲ್ಲವನ್ನೂ ಹಿಡಿಯುತ್ತವೆ. ಇದು ಹಾಗಲ್ಲ. ಹತ್ತಿರದ್ದನ್ನು ಹಿಡಿಯುತ್ತದೆ, ದೂರದ್ದನ್ನು ಬಹಳಷ್ಟು ಬಿಡುತ್ತದೆ. ಆದ್ದರಿಂದ ಬಾಯಿ ಮೈಕಿಗೆ ತೀರಾ ಹತ್ತಿರ ಇರಬೇಕು. ಯಾರೋ ನಿಮ್ಮ ಪಕ್ಕದಲ್ಲೇ ಕೂತು ಹಾಡಿದ ಹಾಗೆ ಕೇಳುವುದಕ್ಕೆ ಈ ಹತ್ತಿರವೂ ಒಂದು ಕಾರಣ.

ಆದರೆ ಅಷ್ಟೇ ಆಗಿದ್ದರೆ ಅದು ಒಬ್ಬ ಮನುಷ್ಯನ ದನಿ ಅನಿಸಬೇಕಿತ್ತು. ಇಲ್ಲಿ ಹಾಗೆ ಅನಿಸುವುದಿಲ್ಲ. ಒಂದು ಗುಂಪು ಹಾಡಿದಂತೆ ಕೇಳುತ್ತದೆ, ಅದೂ ಎಲ್ಲರ ಗಂಟಲೂ ಒಂದೇ. ಅದಕ್ಕೆ ಕಾರಣ ಪದರ. ಒಂದು ಸಾಲು ಹಾಡಿ ರೆಕಾರ್ಡ್ ಮಾಡುವುದು. ಅದನ್ನು ಕಿವಿಯಲ್ಲಿ ಕೇಳುತ್ತಾ ಅದೇ ಸಾಲನ್ನು ಮತ್ತೆ ಹಾಡುವುದು. ಮತ್ತೆ ಹಾಡುವುದು. ಕೆಲವು ಪದರ ಅದೇ ಸ್ವರದಲ್ಲಿ, ಕೆಲವು ಮೇಲೆ, ಕೆಲವು ಕೆಳಗೆ. ಇದನ್ನು ಓವರ್‌ಡಬ್ ಅನ್ನುತ್ತಾರೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಅಮಾವಾಸ್ಯೆ ರಾತ್ರಿಯ ಭಜನೆ ನೆನಪು ಮಾಡಿಕೊಳ್ಳಿ. ಏಕತಾರಿ ಹಿಡಿದವರು ಒಂದು ಸಾಲು ಎತ್ತುತ್ತಾರೆ. ಹಿಂದೆ ಕೂತ ನಾಲ್ಕೈದು ಮಂದಿ ಅದೇ ಸಾಲನ್ನು ಹಿಡಿಯುತ್ತಾರೆ. ಒಬ್ಬರು ಕೂದಲೆಳೆಯಷ್ಟು ಮುಂದೆ, ಒಬ್ಬರು ಸ್ವಲ್ಪ ಹಿಂದೆ. ಒಬ್ಬರ ಸ್ವರ ಸ್ವಲ್ಪ ಮೇಲೆ, ಇನ್ನೊಬ್ಬರದು ಸ್ವಲ್ಪ ಇಳಿದದ್ದು. ಆ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡಿಯೇ ಸಾಲಿಗೆ ಮೈ ಬರುವುದು. ಹಿಮ್ಮೇಳ ಅಂದರೆ ಅದೇ. ಆ ಕಾಡಿನ ಮನೆಯಲ್ಲಿ ವರ್ನನ್ ತಮಗೆ ತಾವೇ ಹಿಮ್ಮೇಳ ಆದರು.

ನಮ್ಮ ಹುಡುಗ ಇದನ್ನು ಮೊದಲು ತಪ್ಪಾಗಿ ಮಾಡಿದ್ದ. ಒಮ್ಮೆ ಹಾಡಿದ್ದನ್ನು ಕಂಪ್ಯೂಟರಿನಲ್ಲಿ ನಾಲ್ಕು ಸಲ ಕಾಪಿ ಮಾಡಿ ಒಂದರ ಮೇಲೊಂದು ಇಟ್ಟಿದ್ದ. ಕೇಳಿದರೆ ದನಿ ಜೋರಾಗಿತ್ತು, ದಪ್ಪ ಆಗಿರಲಿಲ್ಲ. ಯಾಕೆಂದರೆ ನಾಲ್ಕೂ ಒಂದೇ ಅಲೆ. ಏರುವಲ್ಲಿ ಒಟ್ಟಿಗೆ ಏರುತ್ತವೆ, ಇಳಿಯುವಲ್ಲಿ ಒಟ್ಟಿಗೆ ಇಳಿಯುತ್ತವೆ. ವಾಲ್ಯೂಮ್ ಹೆಚ್ಚಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ. ಆಮೇಲೆ ಅದೇ ಸಾಲನ್ನು ನಿಜವಾಗಿ ನಾಲ್ಕು ಸಲ ಹಾಡಿಸಿದೆ. ಒಂದು ಕಡೆ ಉಸಿರು ತಪ್ಪಿತು, ಒಂದು ಕಡೆ ಒಂದು ಅಕ್ಷರ ತಡವಾಯಿತು. ನಾಲ್ಕನ್ನೂ ಕೂಡಿಸಿ ಹಾಕಿದಾಗ ಅವನ ಮುಖ ನೋಡಬೇಕಿತ್ತು. "ಕಾಕಾ, ನಾನೇ ನಾಕು ಮಂದಿ ಆಗೀನಿ!" ಅಂದ. ತಪ್ಪು ಅಂತ ಅಳಿಸಲು ಹೋಗಿದ್ದ ಜಾಗಗಳೇ ದನಿಗೆ ಮೈ ಕೊಟ್ಟಿದ್ದವು.

ಇನ್ನೊಂದು, ಆ ತೆಳುವಾದ ಮೇಲುದನಿ. ಅದಕ್ಕೆ ಫಾಲ್ಸೆಟ್ಟೊ ಅನ್ನುತ್ತಾರೆ. ಧ್ವನಿಪೆಟ್ಟಿಗೆಯ ಮಡಿಕೆಗಳು ಪೂರ್ತಿ ಬಡಿಯದೆ, ಅಂಚಿನಲ್ಲಷ್ಟೇ ಕಂಪಿಸಿದಾಗ ಹುಟ್ಟುವ ದನಿ ಅದು. ಗಾಳಿ ಜಾಸ್ತಿ, ಗಟ್ಟಿತನ ಕಡಿಮೆ. ವರ್ನನ್ ಅವರ ಸಹಜ ದನಿ ತಗ್ಗಿನದು. ಹಿಂದಿನ ತಂಡದಲ್ಲಿ ಆ ದನಿಯಲ್ಲೇ ಹಾಡುತ್ತಿದ್ದರು. ಇಲ್ಲಿ ಅದನ್ನು ಬಿಟ್ಟು ಮೇಲುದನಿಗೆ ಹೋದರು. ಒಬ್ಬರೇ ಹಾಡಿದರೆ ಫಾಲ್ಸೆಟ್ಟೊ ಬಡವಾಗಿ ಕೇಳುತ್ತದೆ. ಎಂಟು ಹತ್ತು ಪದರ ಆದಾಗ ಮಂಜಿನ ಹಾಗೆ ಹರಡಿಕೊಳ್ಳುತ್ತದೆ. ಕಪ್ಪು ಅಮೆರಿಕನ್ನರ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಮತ್ತು ಅದರಿಂದ ಬೆಳೆದ 'ಸೋಲ್' ಶೈಲಿಯ ಹಾಡುಗಾರರು ಈ ದನಿಯನ್ನು ಎಷ್ಟೋ ಮೊದಲೇ ಪಳಗಿಸಿದ್ದರು. ಗಿಟಾರ್ ಹಿಡಿದ ಹಾಡುಗಾರನ ಆಲ್ಬಮ್ಮಿನಲ್ಲಿ ಅದನ್ನು ಕೇಳಿದಾಗ ಸೋಲ್ ಎಂಬ ಪದ ಸಹಜವಾಗಿಯೇ ಬಾಯಿಗೆ ಬರುತ್ತದೆ.

ಪದಗಳ ಮಾತು ಬೇರೆ. ವರ್ನನ್ ಮೊದಲು ಅರ್ಥವಿಲ್ಲದ ಉಲಿಗಳಲ್ಲಿ ರಾಗ ಹಾಡಿಕೊಂಡು ರೆಕಾರ್ಡ್ ಮಾಡಿದರು. ಆಮೇಲೆ ಅದನ್ನು ಮತ್ತೆ ಮತ್ತೆ ಕೇಳಿ, ಆ ಉಲಿ ಯಾವ ಪದದ ಹಾಗೆ ಕೇಳುತ್ತದೋ ಅದನ್ನು ಬರೆದುಕೊಂಡರು. ಅಂದರೆ ದನಿ ಮೊದಲು, ಮಾತು ಆಮೇಲೆ. ಹಾಗಾಗಿ ಸಾಲುಗಳ ಅರ್ಥ ಕೈಗೆ ಸಿಕ್ಕಂತೆ ಆಗಿ ಜಾರುತ್ತದೆ. ನನಗೆ ಇದು ಬಹಳ ದಿನ ಕಷ್ಟ ಕೊಟ್ಟಿತು. ಇಲ್ಲಿ ತತ್ವಪದ ಕೇಳಿ ಬೆಳೆದವರಿಗೆ ಮಾತೇ ಮೊದಲು. ಜೇವರ್ಗಿ ಕಡೆಯ ಕಡಕೋಳದ ಮಡಿವಾಳಪ್ಪನವರು, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರು 19ನೇ ಶತಮಾನದಲ್ಲಿ ತಾವೇ ಪದ ಕಟ್ಟಿ ತಾವೇ ಹಾಡಿದವರು. ಇವತ್ತಿನ ಭಾಷೆಯಲ್ಲಿ ಸಿಂಗರ್ ಸಾಂಗ್‌ರೈಟರ್ ಅನ್ನುವುದು ಅದನ್ನೇ ಅಲ್ವಾ? ಅವರ ಪದದಲ್ಲಿ ಒಗಟು ಇದ್ದರೂ ಬಿಡಿಸುತ್ತಾ ಹೋದರೆ ಒಳಗೆ ಗಟ್ಟಿಯಾದ ಒಂದು ಮಾತು ಸಿಗುತ್ತದೆ. 'ಎಮ್ಮಾ'ದಲ್ಲಿ ಹಾಗೆ ಬಿಡಿಸಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ. ಅಳುವ ಮನುಷ್ಯ ಪೂರ್ತಿ ವಾಕ್ಯ ಆಡುವುದಿಲ್ಲ ಅಂತ ಅಂದುಕೊಂಡು ಕೇಳಿದ ಮೇಲೆ ನನಗೆ ದಾರಿ ಸಿಕ್ಕಿತು.

ಇನ್ನು ಅಂಕದ ವಿಷಯ.

ವರ್ನನ್ ಕಾಡಿನಿಂದ ಹೊರಬಂದಾಗ ಆ ರೆಕಾರ್ಡಿಂಗ್‌ಗಳನ್ನು ಆಲ್ಬಮ್ ಅಂತ ಅಂದುಕೊಂಡಿರಲಿಲ್ಲ. ಕಂಪನಿಗಳಿಗೆ ಕಳಿಸುವ ಕಚ್ಚಾ ಮಾದರಿ ಅಂದುಕೊಂಡಿದ್ದರು. ಕೇಳಿದ ಗೆಳೆಯರು ಹೀಗೇ ಬಿಡುಗಡೆ ಮಾಡು ಅಂದರು. 2007ರಲ್ಲಿ ತಾವೇ 500 ಸಿಡಿ ಮಾಡಿಸಿದರು. ಒಂಬತ್ತು ಹಾಡು, 37 ನಿಮಿಷ. ಕೆಲವು ಪ್ರತಿ ಸಂಗೀತದ ಬಗ್ಗೆ ಬರೆಯುವವರ ಕೈ ಸೇರಿದವು. ಅದೇ ವರ್ಷ ಅಕ್ಟೋಬರಿನಲ್ಲಿ ಪಿಚ್‌ಫೋರ್ಕ್ ಎಂಬ ಪತ್ರಿಕೆ ವಿಮರ್ಶೆ ಬರೆದು 8.1 ಕೊಟ್ಟಿತು. ನಮ್ಮ ಹುಡುಗ ತೋರಿಸಿದ ಅಂಕಿ ಅದೇ.

ಪಿಚ್‌ಫೋರ್ಕ್ ಆಗ ಎಷ್ಟು ದೊಡ್ಡದಾಗಿತ್ತು ಅಂತ ಈಗಿನ ಹುಡುಗರಿಗೆ ಹೇಳುವುದು ಕಷ್ಟ. 1990ರ ದಶಕದಲ್ಲಿ ಒಬ್ಬ ಹುಡುಗ ಮನೆಯಲ್ಲಿ ಕೂತು ಶುರು ಮಾಡಿದ ಇಂಟರ್ನೆಟ್ ಪತ್ರಿಕೆ ಅದು. ಹತ್ತಕ್ಕೆ ಎಷ್ಟು ಅಂತ ದಶಮಾಂಶ ಹಾಕಿ ಅಂಕ ಕೊಡುವುದು ಅದರ ಗುರುತು. 2007ರ ಹೊತ್ತಿಗೆ ಅಲ್ಲಿ ಒಳ್ಳೆಯ ಅಂಕ ಬಂದರೆ ಗೊತ್ತಿಲ್ಲದ ಹಾಡುಗಾರನನ್ನು ಸಾವಿರಾರು ಜನ ಹುಡುಕುತ್ತಿದ್ದರು. ವರ್ನನ್‌ಗೂ ಹಾಗೇ ಆಯಿತು. ಜಾಗ್‌ಜಗುವಾರ್ ಎಂಬ ಸಣ್ಣ ಕಂಪನಿ ಕರೆದು ಒಪ್ಪಂದ ಮಾಡಿಕೊಂಡಿತು. 2008ರ ಫೆಬ್ರುವರಿಯಲ್ಲಿ ಆಲ್ಬಮ್ ಅಮೆರಿಕದಲ್ಲಿ ಮತ್ತೆ ಬಿಡುಗಡೆಯಾಯಿತು. ಅದೇ ವರ್ಷ 4ಎಡಿ ಕಂಪನಿ ಬ್ರಿಟನ್ನಿನಲ್ಲಿ ತಂದಿತು. ಆಮೇಲೆ ಬಂದ ವಿಮರ್ಶೆಗಳು ಬಹುತೇಕ ಹೊಗಳಿಕೆಯವೇ. ವಿಮರ್ಶೆಗಳ ಅಂಕಗಳನ್ನು ಕೂಡಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ ಒಟ್ಟು ಅಂಕ ನೂರಕ್ಕೆ 88.

ಈ 88 ಹೇಗೆ ಬರುತ್ತದೆ ಅನ್ನುವುದು ತಿಳಿದಿರಬೇಕು. 2001ರಲ್ಲಿ ಶುರುವಾದ ಮೆಟಾಕ್ರಿಟಿಕ್ ತಾನೇ ವಿಮರ್ಶೆ ಬರೆಯುವುದಿಲ್ಲ. ಬೇರೆ ಬೇರೆ ಪತ್ರಿಕೆಗಳ ತೀರ್ಪನ್ನು ನೂರರ ಅಳತೆಗೆ ಇಳಿಸುತ್ತದೆ. 8.1 ಇದ್ದರೆ 81. ಐದಕ್ಕೆ ನಾಲ್ಕು ನಕ್ಷತ್ರ ಇದ್ದರೆ 80. ಕೆಲವು ಪತ್ರಿಕೆಗಳು ಶಾಲೆಯ ಹಾಗೆ ಎ, ಬಿ ಅಂತ ದರ್ಜೆ ಕೊಡುತ್ತವೆ. ಅಲ್ಲಿ ಎ ಅಂದರೆ 100, ಬಿ ಪ್ಲಸ್ ಅಂದರೆ 83, ಬರೀ ಬಿ ಅಂದರೆ 75. ಅಂಕ ಕೊಡದೆ ಬರೆದ ವಿಮರ್ಶೆಯನ್ನು ಅಲ್ಲಿನವರೇ ಓದಿ ಒಂದು ಅಂಕ ಅಂದಾಜು ಮಾಡುತ್ತಾರೆ. ಕೊನೆಗೆ ಸರಾಸರಿ ತೆಗೆಯುತ್ತಾರೆ. ಅದೂ ಸಮಸಮ ಅಲ್ಲ. ಕೆಲವು ಪತ್ರಿಕೆಗಳಿಗೆ ತೂಕ ಜಾಸ್ತಿ, ಕೆಲವಕ್ಕೆ ಕಡಿಮೆ. ಯಾರಿಗೆ ಎಷ್ಟು ತೂಕ ಅಂತ ಬಾಯಿ ಬಿಡುವುದಿಲ್ಲ. ಸಂಗೀತದಲ್ಲಿ 81 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಲ್ಲರೂ ಮೆಚ್ಚಿದ್ದು ಅಂತ ಲೆಕ್ಕ.

ಈಗ ನೋಡಿ. ನಾಲ್ಕು ನಕ್ಷತ್ರ ಕೊಟ್ಟವರು ಮನಸ್ಸಿನಲ್ಲಿ 80 ಅಂದುಕೊಂಡಿದ್ದರೋ 85 ಅಂದುಕೊಂಡಿದ್ದರೋ ಯಾರಿಗೆ ಗೊತ್ತು? ಒಬ್ಬರು ಹಾಡಿನ ಕಟ್ಟುವಿಕೆ ಮೆಚ್ಚಿ 80 ಕೊಟ್ಟಿರಬಹುದು. ಇನ್ನೊಬ್ಬರು ರಾತ್ರಿ ಕೇಳಿ ಕಣ್ಣು ತುಂಬಿ ಬಂದದ್ದಕ್ಕೆ 80 ಕೊಟ್ಟಿರಬಹುದು. ಎರಡೂ ಕೂಡಿ 80 ಆಗುತ್ತದೆ, ಎರಡು ಕಾರಣಗಳೂ ಕಾಣದೆ ಹೋಗುತ್ತವೆ. ಎಪಿಎಂಸಿಯಲ್ಲಿ ತೊಗರಿಗೆ ರೇಟು ಕಟ್ಟಿದ ಹಾಗೆ. ಬೋರ್ಡಿನ ಮೇಲಿನ ರೇಟು ನಿಜವೇ. ಆದರೆ ಯಾವ ಹೊಲದ್ದು, ಬೇಯಿಸಿದರೆ ರುಚಿ ಹೇಗೆ ಅಂತ ಬೋರ್ಡು ಹೇಳುವುದಿಲ್ಲ.

ಅದಕ್ಕೇ ನಾನು ಹುಡುಗನಿಗೆ ಹೇಳಿದ್ದು ಇಷ್ಟು. 8.1 ಅಂದರೆ ಒಬ್ಬ ವಿಮರ್ಶಕ, ಒಂದು ಪತ್ರಿಕೆಯ ಅಳತೆಗೋಲಿನಲ್ಲಿ, 'ಇದನ್ನು ಹುಡುಕಿ ಕೇಳಿ' ಅಂತ ಗಟ್ಟಿಯಾಗಿ ಹೇಳಿದ ಮಾತು. 88 ಅಂದರೆ ಹಾಗೆ ಹೇಳಿದವರು ಬಹಳ ಮಂದಿ ಅಂತ. ಹಾಡು ಹೇಗಿದೆ ಅಂತ ತಿಳಿಯಲು ವಿಮರ್ಶೆಯ ಪ್ಯಾರಾಗಳಿಗೆ ಇಳಿಯಬೇಕು.

ಅಲ್ಲಿ ಇಳಿದರೆ ಇನ್ನೊಂದು ಗಂಟು ಇದೆ. ಹೆಚ್ಚಿನ ವಿಮರ್ಶೆಗಳಲ್ಲಿ ಹಾಡಿಗಿಂತ ಮೊದಲು ಕಾಡಿನ ಮನೆ ಬರುತ್ತದೆ. ಹಿಮ, ಕಟ್ಟಿಗೆ, ಒಂಟಿತನ, ಮುರಿದ ಪ್ರೀತಿ. ಕಥೆ ಸುಳ್ಳಲ್ಲ. ಆದರೆ ಅದು ಎಷ್ಟು ಚೆನ್ನಾಗಿದೆ ಅಂದರೆ ಕೇಳುವ ಮೊದಲೇ ಕಿವಿಯನ್ನು ಒಂದು ಕಡೆ ತಿರುಗಿಸಿ ಬಿಡುತ್ತದೆ. 'ಒಬ್ಬನೇ ಮಾಡಿದ್ದು' ಅನ್ನುವ ಮಾತನ್ನೇ ನೋಡಿ. 'ಫಾರ್ ಎಮ್ಮಾ' ಎಂಬ ಹಾಡಿನಲ್ಲಿ ಟ್ರಂಪೆಟ್ ಇದೆ, ಟ್ರಾಂಬೋನ್ ಇದೆ. ಅವನ್ನು ಊದಿದವರು ಬೇರೆಯವರು. ಮೊದಲ ಹಾಡು 'ಫ್ಲೂಮ್'ನಲ್ಲೂ ಬೇರೆ ಕೈ ಇದೆ. ಅವರ ಹೆಸರು ಆಲ್ಬಮ್ಮಿನ ಮೇಲೆ ಅಚ್ಚಾಗಿದೆ. ಕಥೆ ಹೇಳುವವರು ಅವರನ್ನು ಮರೆಯುತ್ತಾರೆ. ನನಗೆ ಇದು ಬೇಜಾರಿನ ವಿಷಯ. ಭಜನೆಯಲ್ಲಿ ತಾಳ ಹಾಕಿದವರನ್ನು ಬಿಟ್ಟು ಬರೀ ಪದ ಹೇಳಿದವರಿಗೆ ಶಾಲು ಹೊದಿಸಿದ ಹಾಗೆ.

ಕಥೆಯೂ ಇಲ್ಲದೆ, ಅಂಕವೂ ಇಲ್ಲದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್ ಇದ್ದಾರೆ. 1972ರಲ್ಲಿ ಅವರ 'ಪಿಂಕ್ ಮೂನ್' ಆಲ್ಬಮ್ ಬಂತು. ಒಂದು ದನಿ, ಒಂದು ಗಿಟಾರು, ಒಂದು ಹಾಡಿನಲ್ಲಿ ಸ್ವಲ್ಪ ಪಿಯಾನೊ. ಬರೀ 28 ನಿಮಿಷ. ಆಗ ಕೊಂಡವರು ಬಹಳ ಕಡಿಮೆ. 1974ರಲ್ಲಿ, 26ನೇ ವಯಸ್ಸಿಗೆ ಅವರು ತೀರಿಕೊಂಡರು. ಅದಾಗಿ ಸುಮಾರು 25 ವರ್ಷಗಳ ನಂತರ ಒಂದು ಕಾರಿನ ಜಾಹೀರಾತಿನಲ್ಲಿ 'ಪಿಂಕ್ ಮೂನ್' ಎಂಬ ಹಾಡನ್ನೇ ಬಳಸಿದರು. ಆಗ ಜನ ಅಂಗಡಿಗೆ ಹೋಗಿ ಕೇಳತೊಡಗಿದರು. ಹಾಡು ಅದೇ, ಒಂದು ಸ್ವರವೂ ಬದಲಾಗಿರಲಿಲ್ಲ. ವರ್ನನ್ ಅವರದು ಅದೃಷ್ಟ. ಅವರ ಕಾಲದಲ್ಲಿ 500 ಸಿಡಿಯಲ್ಲಿ ಒಂದು ಸರಿಯಾದ ಕೈ ಸೇರಿದರೆ ಸಾಕಿತ್ತು. ಆದರೂ 'ವರ್ಷದ ಹೊಸ ಕಲಾವಿದ' ಎಂಬ ಗ್ರ್ಯಾಮಿ ಪ್ರಶಸ್ತಿ ಅವರಿಗೆ ಬಂದದ್ದು 2012ರಲ್ಲಿ, ಎರಡನೇ ಆಲ್ಬಮ್ ಆದ ಮೇಲೆ. ಅಷ್ಟರಲ್ಲಿ ಮೊದಲ ಆಲ್ಬಮ್ಮಿನ 'ಸ್ಕಿನ್ನಿ ಲವ್' ಹಾಡನ್ನು ಬರ್ಡಿ ಎಂಬ ಬ್ರಿಟಿಷ್ ಹುಡುಗಿ ಪಿಯಾನೊ ಮೇಲೆ ಹಾಡಿ, ಆಲ್ಬಮ್ಮಿನ ಹೆಸರೇ ಕೇಳದವರ ಬಾಯಲ್ಲೂ ಅದು ಬಂದಿತ್ತು.

ಹೊಸದಾಗಿ ಕೇಳುವವರಿಗೆ ಒಂದು ಮಾತು. 'ಸ್ಕಿನ್ನಿ ಲವ್'ನಿಂದ ಶುರು ಮಾಡಬೇಡಿ. ಅದು ಎಲ್ಲ ಕಡೆ ಬಳಕೆಯಾಗಿ ಕಿವಿಗೆ ಸವೆದಿರುತ್ತದೆ. 'ದಿ ವುಲ್ವ್ಸ್' ಹಾಕಿ. ರಾತ್ರಿ, ಹೆಡ್‌ಫೋನಿನಲ್ಲಿ. ಮೊದಲು ಬರೀ ದನಿಗಳ ಗುಂಪು ಮೆಲ್ಲಗೆ ನಡೆಯುತ್ತದೆ. ಮುಂದೆ ಒಂದು ಸಾಲು ತಿರುತಿರುಗಿ ಬರಲು ಶುರುವಾಗುತ್ತದೆ. ಪ್ರತಿ ಸಲ ಒಂದೊಂದು ಪದರ ಸೇರುತ್ತಾ ಹೋಗಿ, ಕೊನೆಗೆ ಸಿಕ್ಕಿದ್ದನ್ನೆಲ್ಲ ಬಡಿದ ಹಾಗೆ ಸದ್ದು ಏಳುತ್ತದೆ. ಭಜನೆಯಲ್ಲಿ ನಡುರಾತ್ರಿ ಮೀರಿದ ಮೇಲೆ ತಾಳ ಏರುತ್ತದಲ್ಲ, ಆ ಏರಿಕೆ ಬಲ್ಲವರಿಗೆ ಇದು ಹೊಸದು ಅನಿಸುವುದಿಲ್ಲ.

ಚಹಾ ಮುಗಿದಿತ್ತು. ಹುಡುಗ ತನ್ನ ಹಾಡನ್ನು ನಮ್ಮ ಅವ್ವನಿಗೆ ಕೇಳಿಸಲು ಕೂತ. ಅವ್ವ ಎಷ್ಟೋ ವರ್ಷ ಓಣಿಯ ಭಜನೆಯಲ್ಲಿ ಹಿಮ್ಮೇಳಕ್ಕೆ ದನಿ ಕೂಡಿಸಿದವಳು. ಹೆಡ್‌ಫೋನ್ ಬೇಡ ಅಂದಳು. ಫೋನನ್ನೇ ಕಿವಿಗೆ ಹಿಡಿದು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಅವನು ಕಾಯುತ್ತಿದ್ದ.

"ಛಂದ ಅದ. ಆದ್ರ ಮೂರನೇ ಸಾಲಿಗಿ ಯಾಕ್ ಓಡ್ಲಾಕತ್ತಿ? ಯಾರರ ಬೆನ್ನ ಹತ್ಯಾರೇನು?"

"ಎಲ್ಲಿ ಆಯಿ?"

ಅವ್ವ ಆ ಸಾಲನ್ನು ತಾನೇ ಗುನುಗಿದಳು. ಮಾತು ಸರಿಯಾಗಿ ಬರಲಿಲ್ಲ, ರಾಗ ಬಂತು. ಎರಡನೇ ಸಾಲು ಮುಗಿದ ಮೇಲೆ ಒಂದು ಉಸಿರು ನಿಂತಳು. ಆಮೇಲೆ ಮೂರನೆಯದನ್ನು ಎತ್ತಿದಳು. ಹುಡುಗ ಫೋನ್ ಇಸಿದುಕೊಂಡು ಆ ಜಾಗವನ್ನು ಮತ್ತೆ ಹಾಕಿ ಕೇಳಿದ. ಇನ್ನೊಮ್ಮೆ ಕೇಳಿದ. ಆಮೇಲೆ ಎದ್ದು ಮಾಳಿಗೆ ಹತ್ತಿದ. ಸ್ವಲ್ಪ ಹೊತ್ತಿಗೆ ಮೇಲಿನ ಫ್ಯಾನಿನ ಸದ್ದು ನಿಂತಿತು.